ಮಹಜರಿಲ್ಲದ ಎಲುಬು ಸಾಕ್ಷಿಯಾಗದು

ಗ್ವಾಟೆಮಾಲಾ ಎಂದರೆ ಮೈಸೂರಿನ ದೇವರಾಜ ಮಾರುಕಟ್ಟೆಯವರಿಗೆ ಏಲಕ್ಕಿ ನೆನಪಾದೀತು. ಆ ಏಲಕ್ಕಿ ಸೀಮೆಯ ಕೊಬಾನ್‌ನಲ್ಲಿ, ಸೇನಾ ನೆಲೆಯೊಂದರ ಆವರಣವನ್ನು 2012ರಿಂದ ಅಗೆದಾಗ 500ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕಿತು. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸತ್ತವರು, ಕಾಣೆಯಾದವರು 2 ಲಕ್ಷಕ್ಕೂ ಮೇಲೆ ಎಂಬುದು ಸತ್ಯಶೋಧನಾ ಆಯೋಗದ ಅಂದಾಜು. ಯಾರಿಗೂ ಶಿಕ್ಷೆಯೇ ಆಗಲಿಲ್ಲವಾ ಅಂತ ಊರಿಂದ ಕೇಳುತ್ತಾರೆ. ಕೆಲವರಿಗೆ ಆಗಿದೆ, ಕಾಗದಪತ್ರ ಗಟ್ಟಿಯಿದ್ದ ಕಡೆ.

ಮೊದಲ ತೊಡಕು ದೂರಿನಲ್ಲೇ. 1996ರ ಕ್ಷಮಾದಾನ ಕಾನೂನು ನರಮೇಧ, ಚಿತ್ರಹಿಂಸೆ, ಬಲವಂತದ ಕಣ್ಮರೆಗಳಿಗೆ ಅನ್ವಯಿಸದು. ಹಾಗಾಗಿ ಬರೀ ಕೊಲೆ ಎಂದು ಬರೆಸಿ ಕೈತೊಳೆದುಕೊಳ್ಳಬಾರದು. ಹೊತ್ತೊಯ್ದವರು ಯಾರು, ಯಾವ ತುಕಡಿ, ಕೊನೆಗೆ ಕಂಡದ್ದೆಲ್ಲಿ, ಎಲ್ಲವೂ ಬೇಕು.

ನಮ್ಮಲ್ಲಿ ಪಂಚರನ್ನು ನಿಲ್ಲಿಸಿ ಮಹಜರು ಮಾಡುವಂತೆ ಗ್ವಾಟೆಮಾಲಾದಲ್ಲಿ ಸರ್ಕಾರಿ ಅಭಿಯೋಜಕರ ಸಮ್ಮುಖದಲ್ಲೇ ಗುಂಡಿ ತೆಗೆಯಬೇಕು. ಮೇಲ್ಮಣ್ಣಿಗೆ ಗುದ್ದಲಿ ಸರಿ. ಮಣ್ಣಿನ ಬಣ್ಣ ಬದಲಾದೊಡನೆ ಕರಣೆ, ಆಮೇಲೆ ಬಿದಿರು ಕಡ್ಡಿ, ಬ್ರಷ್ಷು. ಎಲುಬು ಎತ್ತುವ ಮುನ್ನ ಅಳತೆಪಟ್ಟಿ, ಉತ್ತರ ದಿಕ್ಕಿನ ಬಾಣ, ಸಂಖ್ಯೆಯ ಚೀಟಿ ಇಟ್ಟು ಫೋಟೋ. ಮಣ್ಣನ್ನು ಜರಡಿ ಹಿಡಿಯದಿದ್ದರೆ ಹಲ್ಲು, ಬಂದೂಕಿನ ಗುಂಡು, ಅಂಗಿಯ ಗುಂಡಿ ಕೈತಪ್ಪುತ್ತವೆ. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಹೆಂಗಸರ ರವಿಕೆಯ ನೇಯ್ಗೆಯಿಂದಲೇ ಊರು ಹೇಳಬಹುದು, ಬಟ್ಟೆ ತುಂಡನ್ನೂ ಬಿಡುವಂತಿಲ್ಲ. ಸಂಕಟ ತಾಳದೆ ಮನೆಯವರೇ ಅಗೆದುಬಿಟ್ಟರೆ ಎಲುಬು ಕಲಸಿಹೋಗುತ್ತದೆ, ಎದುರು ವಕೀಲರಿಗೆ ಹಬ್ಬ.

ಡಿಎನ್‌ಎಗೆ ಹಲ್ಲು ಅಥವಾ ತೊಡೆ ಮೂಳೆ ಒಳ್ಳೆಯದು. ಜೀವಂತ ಇರುವವರಿಂದ ಕೆನ್ನೆಯ ಒಳಗಿನ ಎಂಜಲು ಸಾಕು. ತಾಯಿ, ತಂದೆ, ಮಕ್ಕಳದ್ದು ಬಲವಾದ ಹೋಲಿಕೆ ಕೊಡುತ್ತದೆ. ಅವರಿಲ್ಲವೆಂದರೆ ಒಬ್ಬ ಅಣ್ಣನದ್ದು ಸಾಲದು, ಒಡಹುಟ್ಟಿದವರೆಲ್ಲರದ್ದೂ ಬೇಕು. ಒಂದೇ ಊರಲ್ಲಿ ಸಂಬಂಧಿಕರೇ ತುಂಬಿದ್ದರೆ ದೂರದ ನಂಟಿನ ಹೋಲಿಕೆ ದಾರಿ ತಪ್ಪಿಸಬಹುದು.

ಇಷ್ಟೆಲ್ಲಾ ಸರಿಯಿದ್ದರೂ ಕೇಸು ಬೀಳಬಹುದು. ಮಾಜಿ ಸರ್ವಾಧಿಕಾರಿ ರಿಯೋಸ್ ಮಾಂಟ್‌ಗೆ 2013ರ ಮೇ 10ರಂದು ನರಮೇಧ ಮತ್ತು ಮಾನವತೆಯ ವಿರುದ್ಧದ ಅಪರಾಧಗಳಿಗಾಗಿ ಒಟ್ಟು 80 ವರ್ಷ ಶಿಕ್ಷೆಯಾಯಿತು. ಹತ್ತೇ ದಿನಕ್ಕೆ ಸಂವಿಧಾನ ನ್ಯಾಯಾಲಯ ತೀರ್ಪನ್ನು ರದ್ದುಮಾಡಿತು. ಸಾಕ್ಷ್ಯ ಸುಳ್ಳೆಂದಲ್ಲ, ವಿಚಾರಣೆಯ ಕ್ರಮ ತಪ್ಪೆಂದು. ಮರುವಿಚಾರಣೆ ಮುಗಿಯುವ ಮೊದಲೇ 2018ರಲ್ಲಿ ಆತ ತೀರಿಕೊಂಡ.

ವಿಳಂಬಕ್ಕೆ ಮದ್ದು ಮುಂಗಡ ಸಾಕ್ಷ್ಯ. ಸೇನೆಯವರ ಲೈಂಗಿಕ ಗುಲಾಮಗಿರಿಗೆ ಸಿಲುಕಿದ್ದ, ಸೆಪುರ್ ಸಾರ್ಕೊ ಎಂಬ ಊರಿನ ವೃದ್ಧ ಮಹಿಳೆಯರ ಹೇಳಿಕೆಯನ್ನು ನ್ಯಾಯಾಧೀಶರೆದುರು ಮೊದಲೇ ದಾಖಲಿಸಿದ್ದರು. 2016ರಲ್ಲಿ ಇಬ್ಬರು ಆರೋಪಿಗಳಿಗೆ 120 ಮತ್ತು 240 ವರ್ಷ ಶಿಕ್ಷೆಯಾಯಿತು.