ಆಂಪ್‌ಗೆ ಸಿಕ್ಕಿದ ಕೇಬಲ್ ಹಾಕಿದ ದಿನ

ಪ್ರಾಕ್ಟೀಸ್‌ಗೆ ಹೋಗಿ ಬ್ಯಾಗ್ ತೆಗೆದು ನೋಡ್ತೀನಿ, ಗಿಟಾರ್ ಇದೆ, ಪಿಕ್ ಇದೆ, ಆಂಪಿನ (ಗಿಟಾರ್ ಸದ್ದು ಜೋರು ಮಾಡೋ ಆಂಪ್ಲಿಫೈಯರಿನ) ಪವರ್ ಕೇಬಲ್ ಮಾತ್ರ ಮನೇಲೇ ಉಳ್ಕೊಂಡಿದೆ. ವಾಪಸ್ ಹೋಗಿ ಬರೋಷ್ಟು ಟೈಮ್ ಇರ್ಲಿಲ್ಲ. ಫ್ರೆಂಡ್ ಒಬ್ಬ ಮೂಲೇಲಿ ಬಿದ್ದಿದ್ದ ಹಳೇ ಕಂಪ್ಯೂಟರ್ ಕೇಬಲ್ ತಂದು "ತಗೋ, ಇದೂ ಅದೇ ಅಲ್ವೇನೋ" ಅಂದ. ಅವನು ಹೇಳಿದ್ದು ಸರೀನೇ, ಆಂಪ್ ಹಿಂದಿರೋ ಮೂರು ಪಿನ್ನಿನ ಸಾಕೆಟ್ಟು ಕಂಪ್ಯೂಟರ್, ಮಾನಿಟರ್‌ಗಳಲ್ಲಿ ಇರೋದೇ, ಅದಕ್ಕೆ ಕೂರೋ ಕೇಬಲ್ ತುದಿಗೆ ಸಿ13 ಅಂತಾರೆ, 10 ಆಂಪಿಯರ್ ಕರೆಂಟ್ ತನಕ ತಡ್ಕೊಳತ್ತೆ, ನನ್ನ 50 ವಾಟಿನ ಆಂಪ್ ಎಷ್ಟೇ ಜೋರಾಗಿ ಬಾರಿಸಿದ್ರೂ ಅದರ ಹತ್ರಕ್ಕೂ ಹೋಗಲ್ಲ. ಹಂಗಾಗಿ ಹಿಂದೆ ಮುಂದೆ ನೋಡ್ದೆ ಚುಚ್ಚಿ ಆನ್ ಮಾಡ್ದೆ.

ಆನ್ ಏನೋ ಆಯ್ತು, ಆದ್ರೆ ಗುಂಯ್ ಅನ್ನೋ ಸೌಂಡು ದಿನಕ್ಕಿಂತ ಜಾಸ್ತಿ. ಲೈಟ್‌ದೋ ಏನೋ ಇರ್ಬೇಕು ಅಂತ ಸುಮ್ನಾದೆ, ಅಲ್ಲೇ ನಾನು ತಪ್ಪು ಮಾಡಿದ್ದು. ಎರಡನೇ ಹಾಡಿಗೆ ನಾನೂ ದನಿ ಸೇರಿಸ್ಬೇಕಿತ್ತು, ಎಡಗೈ ತಂತಿ ಮೇಲಿದೆ, ಮುಖ ಮುಂದೆ ತಂದೆ, ತುಟಿ ಮೈಕಿನ ಜಾಲರಿಗೆ ತಾಗಿದ್ದೇ ತಡ ಸೂಜಿ ಚುಚ್ಚಿದ ಹಂಗೆ ಚುರ್ ಅಂತು. ಗಿಟಾರಿಂದ ಕೈ ತೆಗೆದು ಮೈಕ್ ಮುಟ್ಟಿದ್ರೆ ಏನೂ ಇಲ್ಲ. ತಕ್ಷಣ ಎಲ್ಲಾ ಆಫ್ ಮಾಡ್ಸಿದೆ.

ಗಿಟಾರಿನ ತಂತಿ ಅದು ಕೂರೋ ಬ್ರಿಡ್ಜ್ ಮೂಲಕ ವೈರ್ ಚುಚ್ಚೋ ಜ್ಯಾಕ್‌ಗೆ, ಅಲ್ಲಿಂದ ಆಂಪಿನ ಲೋಹದ ಬಾಡಿಗೆ ಸೇರಿರತ್ತೆ, ಬಾಡಿ ಪವರ್ ಕೇಬಲ್ಲಿನ ಅರ್ಥ್ ವೈರಿಂದ ನೆಲಕ್ಕೆ. ಆ ವೈರ್ ಇಲ್ಲ ಅಂದ್ರೆ ಒಳಗೆ ಲೀಕ್ ಆಗೋ ಚೂರುಪಾರು ಕರೆಂಟು ತಂತಿ ತನಕ ಬಂದು ಕೂತಿರತ್ತೆ, ಮೈಕ್ ಕಡೆ ಅರ್ಥ್ ಸರಿಯಾಗಿದ್ರೆ ನಡುವೆ ದಾರಿ ನಮ್ಮ ಮೈಯೇ. ನಂದು ಬರೀ ಲೀಕೇಜ್, ಅದಕ್ಕೆ ಚುರ್ ಅಂದು ಬಿಡ್ತು. ಆಂಪಿನ ಒಳಗೆ ಲೈವ್ ವೈರೇ ಬಾಡಿಗೆ ತಾಗಿದ್ದಿದ್ರೆ ಜೀವಕ್ಕೇ ಬರ್ತಿತ್ತು. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ ಹಾರ್ವಿ ವೇಲ್ಸಿನ ಸ್ವಾನ್‌ಸೀಲಿ ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿ ಸ್ಟೇಜ್ ಮೇಲೇ ತೀರ್ಕೊಂಡ್ರು, ಅವತ್ತು ತುಟಿ ಒರೆಸ್ಕೊಳ್ತಾ ನನಗೆ ಅದೇ ನೆನಪಾಗಿ ಕೈಕಾಲು ತಣ್ಣಗಾಯ್ತು.

ಕೇಬಲ್ ಎರಡೂ ಕಡೆ ಬಿಚ್ಚಿ ಮಲ್ಟಿಮೀಟರ್ ಇಟ್ಟು ನೋಡಿದ್ವಿ, ಒಳಗೆ ವೈರ್ ಈ ತುದಿಯಿಂದ ಆ ತುದಿಗೆ ಸೇರಿದ್ರೆ ಅದು ಬೀಪ್ ಅನ್ನತ್ತೆ, ಎರಡು ಪಿನ್ನಿಗೆ ಬೀಪ್ ಬಂತು, ಅರ್ಥ್ ಪಿನ್ನಿಗೆ ಸದ್ದೇ ಇಲ್ಲ. ಆಮೇಲೆ ಮಾನಿಟರಿನ ಕೇಬಲ್ ಕಿತ್ಕೊಂಡು ಮೂರಕ್ಕೂ ಬೀಪ್ ಬರತ್ತಾ ನೋಡಿ, ಸಾಕೆಟ್ಟಲ್ಲಿ ಲೂಸ್ ಇಲ್ಲ ಅಂತ ಅಲ್ಲಾಡಿಸಿ ನೋಡಿ ಹಾಕಿದ್ವಿ. ಗುಂಯ್ ಅನ್ನೋದು ದಿನದಷ್ಟಕ್ಕೇ ಇಳೀತು. ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡ್ದೆ, ಬಿಸಿ ಏನೂ ಇರ್ಲಿಲ್ಲ.

ಆ ಹಳೇ ಕೇಬಲ್ ಇನ್ಯಾರ ಕೈಗೂ ಸಿಗಬಾರ್ದು ಅಂತ ಹೊರಡೋ ಮುಂಚೆ ಕಟಿಂಗ್ ಪ್ಲೈಯರಲ್ಲಿ ನಡುವೆ ಕತ್ತರಿಸಿದೆ. ಹೊರಗೆ ಪಿನ್ನು ಮೂರು, ಒಳಗೆ ನೋಡಿದ್ರೆ ಕಂದು ಒಂದು, ನೀಲಿ ಒಂದು, ಅರ್ಥ್‌ದು ಅಂತ ಇರ್ಬೇಕಾದ ಹಸಿರು-ಹಳದಿ ವೈರು ಹಾಕೇ ಇರ್ಲಿಲ್ಲ.