ಹೆಸರಿಡುವ ಮೊದಲೇ ಹೆಸರು ಸೇರಿಸಿ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕ್ಯಾಶ್‌ಲೆಸ್‌ಗೆ (ಬಿಲ್ಲನ್ನು ಇನ್ಶೂರೆನ್ಸ್ ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು) ಅರ್ಜಿ ಕಳಿಸುವುದು, ಟಿಪಿಎಯವರು (ಇನ್ಶೂರೆನ್ಸ್ ಕಂಪನಿಯ ಪರವಾಗಿ ಅರ್ಜಿ ಪರಿಶೀಲಿಸುವ ಸಂಸ್ಥೆಯವರು) ಕೇಳುವ ಕ್ವೆರಿಗಳಿಗೆ ಉತ್ತರ ಕೊಡುವುದು, "ಅಪ್ರೂವಲ್ ಬಂತಾ ಮೇಡಂ" ಅಂತ ಮತ್ತೆ ಮತ್ತೆ ಬಂದು ನಿಲ್ಲುವ ಮನೆಯವರಿಗೆ ಧೈರ್ಯ ಹೇಳುವುದು ದಿನದ ಕೆಲಸ. ಮೂರು ವರ್ಷದ ಹಿಂದೆ ಒಬ್ಬ ಬಾಣಂತಿಯ ತಂದೆಗೆ ನಾನು ಹೇಳಿದ ಒಂದು ಮಾತು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದನ್ನು ಬರೆದರೆ ಯಾವುದಾದರೂ ಮನೆಗೆ ಉಪಯೋಗವಾದೀತು.

ಚೊಚ್ಚಲ ಹೆರಿಗೆ. ನಮ್ಮ ಕಡೆಯ ಪದ್ಧತಿಯಂತೆ ಹುಡುಗಿ ಏಳನೇ ತಿಂಗಳಿಗೇ ತವರಿಗೆ ಬಂದಿದ್ದಳು. ಗಂಡ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಇನ್ಶೂರೆನ್ಸ್ ಅವನ ಕಂಪನಿಯದು. ಆಸ್ಪತ್ರೆಗೆ ಓಡಾಡಿದ್ದೆಲ್ಲ ಹುಡುಗಿಯ ತಂದೆ, ಚನ್ನಗಿರಿ ಕಡೆಯ ಅಡಿಕೆ ತೋಟದವರು. ಸಿಸೇರಿಯನ್ ಆಯಿತು, ಅಪ್ರೂವಲ್ ಸಲೀಸಾಗಿ ಬಂತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಡಿಸ್ಚಾರ್ಜ್ ದಿನ ಯಜಮಾನರು ಫೈಲು ಕೈಯಲ್ಲಿ ಹಿಡಿದು ಕೇಳಿದರು: "ಏನಮ್ಮ, ಕೂಸಿಗೆ ಬೇರೆ ಕಾಗದ ಏನಾದ್ರೂ ಬೇಕಾ?"

"ಬೇಡ ಯಜಮಾನ್ರೇ, ತಾಯಿ ಕಾರ್ಡಲ್ಲೇ ಆಗಿದೆ" ಅಂದೆ.

ಆ ದಿನದ ಮಟ್ಟಿಗೆ ಅದು ಸರಿ. ಮಗು ಆರೋಗ್ಯವಾಗಿದ್ದರೆ ಅದರ ಖರ್ಚು ತಾಯಿಯ ಹೆರಿಗೆ ಬಿಲ್ಲಿನಲ್ಲೇ ಸೇರಿ ಹೋಗುತ್ತದೆ, ಬೇರೆ ಕಾಗದ ಬೇಕಾಗುವುದಿಲ್ಲ. ಆದರೆ ಅವರು ಕೇಳಿದ್ದು ಆ ದಿನದ ಬಗ್ಗೆ ಮಾತ್ರ ಅಲ್ಲ ಅನ್ನುವುದು ನನಗೆ ಹೊಳೆಯಬೇಕಿತ್ತು.

ಮಗುವಿಗೆ ಮೂವತ್ತೆಂಟು ದಿನವಾದಾಗ ಅದೇ ಮನೆಯವರು ರಾತ್ರಿ ಎಮರ್ಜೆನ್ಸಿಗೆ ಬಂದರು. ಜ್ವರ, ಹಾಲು ಕುಡಿಯುತ್ತಿಲ್ಲ, ಪಕ್ಕೆ ಎಳೆಯುತ್ತಿದೆ. ನ್ಯುಮೋನಿಯಾ. ಮಕ್ಕಳ ಐಸಿಯುಗೆ ಸೇರಿಸಿಕೊಂಡರು. ಬೆಳಗ್ಗೆ ನಾನು ಅರ್ಜಿ ಕಳಿಸಿದೆ, ಒಂದು ಗಂಟೆಯೊಳಗೆ ಉತ್ತರ ಬಂತು: ಈ ಮಗು ಪಾಲಿಸಿಯಲ್ಲಿ ಸದಸ್ಯನಲ್ಲ.

ಅಳಿಯನಿಗೆ ಫೋನ್ ಮಾಡಿದೆ. ಪಾಪ, ಅವನು ಮರೆತಿರಲಿಲ್ಲ. ಹೆರಿಗೆಯಾದ ವಾರದಲ್ಲೇ ಕಂಪನಿಯ ಪೋರ್ಟಲ್ ತೆರೆದಿದ್ದಾನೆ. ಪೋರ್ಟಲ್ಲಿನಲ್ಲಿ ಮಗುವಿನ ಹೆಸರು ಕೇಳಿತ್ತು. ಹೆಸರು ಇನ್ನೂ ಇಟ್ಟಿಲ್ಲ. ಮೂರನೇ ತಿಂಗಳಲ್ಲಿ ತೊಟ್ಟಿಲು ಶಾಸ್ತ್ರ, ನಾಮಕರಣ ಒಟ್ಟಿಗೇ ಮಾಡೋಣ ಅಂತ ಹಿರಿಯರು ನಿಶ್ಚಯಿಸಿದ್ದರು. ಹೆಸರಿಟ್ಟ ಮೇಲೆ, ಜನನ ಪ್ರಮಾಣ ಪತ್ರ ಬಂದ ಮೇಲೆ ಸೇರಿಸಿದರಾಯಿತು ಅಂತ ಪುಟ ಮುಚ್ಚಿದ್ದ. ಆ ಕಂಪನಿಯಲ್ಲಿ ಹೊಸ ಮಗುವನ್ನು ಸೇರಿಸಲು ಇದ್ದ ಅವಧಿ ಹುಟ್ಟಿದ ದಿನದಿಂದ 30 ದಿನ. ಎಂಟು ದಿನದಿಂದ ತಪ್ಪಿತ್ತು.

ಅವನ ಎಚ್ಆರ್‌ನವರು ಇನ್ಶೂರೆನ್ಸ್ ಕಂಪನಿಗೆ ಬರೆದು ಬೇಡಿಕೊಂಡರು. ಕೊನೆಗೆ ಮಗುವನ್ನು ಸೇರಿಸಿಕೊಂಡರು, ಆದರೆ ಅರ್ಜಿ ಕೊಟ್ಟ ದಿನದಿಂದ ಮುಂದಕ್ಕೆ. ಐಸಿಯು ಬಿಲ್ಲು 1,12,000 ರೂಪಾಯಿ ಅಜ್ಜನೇ ಕಟ್ಟಿದರು, ಅಡಿಕೆ ಮಾರಿ ಇಟ್ಟುಕೊಂಡಿದ್ದ ದುಡ್ಡಿನಲ್ಲಿ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. "ಕೂಸು ಉಳೀತಲ್ಲ, ಬಿಡಮ್ಮ" ಅಂದರು. ಆ ರಾತ್ರಿ ಮನೆಗೆ ಹೋಗಿ ಊಟ ಸೇರಲಿಲ್ಲ.

ಮಗುವನ್ನು ಪಾಲಿಸಿಗೆ ಸೇರಿಸಲು ಹೆಸರು ಬೇಕಿಲ್ಲ. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ತಾಯಿಯ ಹೆಸರು ಇದ್ದರೆ ಸಾಮಾನ್ಯವಾಗಿ ಸಾಕು. ನಮ್ಮ ಆಸ್ಪತ್ರೆಯ ಫೈಲಿನಲ್ಲಿ ಇರುವಂತೆಯೇ "ಬೇಬಿ ಆಫ್" ಅಂತ ಹಾಕಿ ತಾಯಿಯ ಹೆಸರು ಬರೆಯುತ್ತಾರೆ. ಅವಳಿಯಾದರೆ ಬೇಬಿ 1, ಬೇಬಿ 2. ಹೆಸರಿಟ್ಟ ಮೇಲೆ ತಿದ್ದಿಸಿಕೊಳ್ಳಬಹುದು. ಜನನ ನೋಂದಣಿಯೂ ಹಾಗೆಯೇ. 21 ದಿನದೊಳಗೆ ನೋಂದಣಿ ಆಗಬೇಕು, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ವರದಿಯನ್ನು ಆಸ್ಪತ್ರೆಯೇ ಕಳಿಸುತ್ತದೆ, ಹೆಸರಿನ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ನಾಮಕರಣ ಯಾವಾಗ ಬೇಕಾದರೂ ಮಾಡಿ, ಅದು ನಿಮ್ಮ ಮನೆಯ ಸಂಭ್ರಮ, ಅದನ್ನು ಯಾರೂ ಅವಸರ ಮಾಡಬೇಕಿಲ್ಲ. ಪಾಲಿಸಿಯ ದಿನಗಳು ಮಾತ್ರ ಹೆರಿಗೆಯಾದ ದಿನದಿಂದಲೇ ಓಡುತ್ತಿರುತ್ತವೆ.

ಹೆರಿಗೆ ತವರಲ್ಲಿ, ಪಾಲಿಸಿ ಗಂಡನ ಕಂಪನಿಯಲ್ಲಿ. ಆಸ್ಪತ್ರೆಯಲ್ಲಿ ನಿಂತವರಿಗೆ ಪಾಲಿಸಿ ಗೊತ್ತಿಲ್ಲ, ಪಾಲಿಸಿ ಗೊತ್ತಿದ್ದವನು ಊರಲ್ಲಿಲ್ಲ. ಆದ್ದರಿಂದ ಏಳನೇ ತಿಂಗಳಲ್ಲಿ ಚೆಕಪ್‌ಗೆ ಬಂದಾಗಲೇ ನಾನು ಗಂಡನ ನಂಬರ್ ಕೇಳಿ ತೆಗೆದುಕೊಳ್ಳುತ್ತೇನೆ. ಅವನಿಗೆ ಹೇಳುವುದು ಎರಡೇ ಪ್ರಶ್ನೆ, ಎಚ್ಆರ್‌ಗೆ ಮೇಲ್ ಮಾಡಿ ಬರವಣಿಗೆಯಲ್ಲೇ ಉತ್ತರ ತರಿಸಿಕೋ ಅಂತ. ಮಗುವನ್ನು ಎಷ್ಟು ದಿನದೊಳಗೆ ಸೇರಿಸಬೇಕು? ಹುಟ್ಟಿದ ದಿನದಿಂದಲೇ ಮಗುವಿಗೆ ಪೂರ್ತಿ ಸಮ್ ಇನ್ಶೂರ್ಡ್ (ಪಾಲಿಸಿಯ ಒಟ್ಟು ಮೊತ್ತ) ಸಿಗುತ್ತದೋ ಅಥವಾ ಮೆಟರ್ನಿಟಿ ಲಿಮಿಟ್ (ಹೆರಿಗೆ ಖರ್ಚಿಗೆ ಇಟ್ಟ ಮಿತಿ) ಒಳಗೆ ಮಾತ್ರವೋ?

ಎರಡನೆಯ ಪ್ರಶ್ನೆ ಕೇಳದೆ ಬಂದವರು ಎನ್ಐಸಿಯು (ನವಜಾತ ಶಿಶುಗಳ ಐಸಿಯು) ಮುಂದೆ ಕುಸಿದು ಕೂತದ್ದನ್ನು ನೋಡಿದ್ದೇನೆ. ಅವಧಿಗೆ ಮುಂಚೆ ಹುಟ್ಟಿದ ಮಗುವನ್ನು ಎನ್ಐಸಿಯುಗೆ ಸೇರಿಸಿದ ಕ್ಷಣಕ್ಕೆ ಅದಕ್ಕೆ ಬೇರೆ ಐಪಿ ನಂಬರ್ (ಒಳರೋಗಿ ಸಂಖ್ಯೆ), ಬೇರೆ ಬಿಲ್ಲು, ಬೇರೆ ಅಪ್ರೂವಲ್. ಪಾಲಿಸಿ ಐದು ಲಕ್ಷದ್ದು ಅಂತ ಮನೆಯವರು ನೆಮ್ಮದಿಯಾಗಿರುತ್ತಾರೆ. ಮಗುವಿನ ಖರ್ಚೂ ಮೆಟರ್ನಿಟಿ ಲಿಮಿಟ್ ಒಳಗೇ ಅಂತ ಷರತ್ತಿದ್ದರೆ, ಆ ಲಿಮಿಟ್ 50,000 ಇದ್ದರೆ, ಸಿಸೇರಿಯನ್ನಿಗೇ ಅದು ಮುಗಿದಿರುತ್ತದೆ. ಮಗುವಿಗೆ ಉಳಿಯುವುದು ಏನೂ ಇಲ್ಲ.

ಸ್ವಂತ ದುಡ್ಡಿನಲ್ಲಿ ಮಾಡಿಸಿದ ಫ್ಯಾಮಿಲಿ ಫ್ಲೋಟರ್ (ಮನೆಯವರಿಗೆಲ್ಲ ಸೇರಿ ಒಂದೇ ಪಾಲಿಸಿ) ಇದ್ದವರು ಇನ್ನೂ ಎಚ್ಚರವಾಗಿರಬೇಕು. ಅವುಗಳಲ್ಲಿ ಎಷ್ಟೋ ಪಾಲಿಸಿಗಳು ಮಗುವಿಗೆ 90 ದಿನ ತುಂಬುವವರೆಗೆ ಸೇರಿಸಿಕೊಳ್ಳುವುದಿಲ್ಲ. ಹುಟ್ಟಿದ ದಿನದಿಂದ ಬೇಕೆಂದರೆ ಮೆಟರ್ನಿಟಿ ಕವರ್ ಇರಬೇಕು, ಅದಕ್ಕೆ ಕಾಯುವ ಅವಧಿ ಮುಗಿದಿರಬೇಕು. ಬಸುರಿಯಾದ ಮೇಲೆ ಪಾಲಿಸಿ ಕೊಳ್ಳಲು ಹೊರಟರೆ ಆ ಹೆರಿಗೆಗೆ ಅದು ಒದಗುವುದಿಲ್ಲ. ಮದುವೆಯಾದ ಹೊಸತರಲ್ಲೇ ಯೋಚಿಸಬೇಕಾದ ವಿಷಯ ಇದು.

ಯಾವ ಪಾಲಿಸಿಯೂ ಇಲ್ಲದವರು ನಮ್ಮ ಡೆಸ್ಕಿಗೆ ಬಂದಾಗ ಇನ್ನೊಂದು ಮಾತು ಹೇಳುತ್ತೇನೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಅಂತ 2011ರಿಂದ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಮಗುವಿಗೆ ಔಷಧ, ಪರೀಕ್ಷೆ, ರಕ್ತ, ಕರೆದೊಯ್ಯುವ ವಾಹನ ಎಲ್ಲ ಉಚಿತ. ಮೊದಲು ಹುಟ್ಟಿ 30 ದಿನದವರೆಗೆ ಇತ್ತು, ಆಮೇಲೆ ಒಂದು ವರ್ಷದವರೆಗೆ ವಿಸ್ತರಿಸಿದರು. ನಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆ ಹತ್ತಿರದಲ್ಲೇ ಇದೆ. ಮಗುವನ್ನು ಸಾಗಿಸಬಹುದೇ ಅನ್ನುವುದನ್ನು ವೈದ್ಯರೇ ಹೇಳಬೇಕು. ಅವರು ಆಗಬಹುದು ಅಂದರೆ, ಒಡವೆ ಅಡ ಇಡುವ ಮೊದಲು ಅಲ್ಲಿ ವಿಚಾರಿಸಿ ಅಂತ ಹೇಳದೆ ಇರಲು ನನ್ನಿಂದಾಗುವುದಿಲ್ಲ. ಗಂಡನಿಗೆ ಇಎಸ್ಐ (ಸಂಬಳ ತಿಂಗಳಿಗೆ 21,000ದ ಒಳಗಿರುವ ನೌಕರರಿಗೆ ಇರುವ ಸರ್ಕಾರದ ವಿಮೆ) ಇದ್ದರೆ ಆ ದಾರಿಯೂ ಇದೆ.

ಈಗ ನಮ್ಮಲ್ಲಿ ಹೆರಿಗೆ ಡಿಸ್ಚಾರ್ಜ್ ಫೈಲಿನ ಮೊದಲ ಪುಟಕ್ಕೆ ಹಳದಿ ಚೀಟಿಯೊಂದನ್ನು ಪಿನ್ ಮಾಡುತ್ತೇವೆ. ಮಗು ಹುಟ್ಟಿದ ದಿನಾಂಕ, ಪಾಲಿಸಿಗೆ ಸೇರಿಸಲು ಕೊನೆಯ ದಿನಾಂಕ, "ಹೆಸರು ಬೇಕಿಲ್ಲ" ಅನ್ನುವ ಎರಡು ಪದ. ಕೊನೆಯ ದಿನಾಂಕವನ್ನು ನಾನೇ ಕೈಯಲ್ಲಿ ಬರೆದು, ಮನೆಯವರ ಬಾಯಲ್ಲಿ ಒಮ್ಮೆ ಓದಿಸುತ್ತೇನೆ.

ಆ ಯಜಮಾನರು ಮೂರೂವರೆ ತಿಂಗಳಿಗೆ ಮತ್ತೆ ಬಂದರು, ಮೊಮ್ಮಗನಿಗೆ ಲಸಿಕೆ ಹಾಕಿಸಲು. ನಾಮಕರಣದ ಮಂಡಕ್ಕಿ ಉಂಡೆ ಒಂದು ಡಬ್ಬಿ ತಂದಿದ್ದರು. ಆಸ್ಪತ್ರೆಯ ದಾಖಲೆಯಲ್ಲಿ ಕೂಸಿನ ಹೆಸರು ಹಾಕಬೇಕಿತ್ತಮ್ಮ ಅಂದರು. ಬರೆದುಕೊಂಡೆ, ಅವರ ಫೋನಿನಿಂದಲೇ ಅಳಿಯನಿಗೆ ಕರೆ ಮಾಡಿಸಿ ಕಂಪನಿಯ ಕಾರ್ಡಿನಲ್ಲಿ ಯಾವ ಕಾಗುಣಿತ ಇದೆ ಅಂತ ಒಂದೊಂದೇ ಅಕ್ಷರ ಕೇಳಿ ಹೊಂದಿಸಿದೆ.