ಪತ್ತೇದಾರಿಗೆ ಪತ್ತೇದಾರಿಯದ್ದೇ ಅಳತೆ

ಮಂಗಳೂರಿನ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪುಸ್ತಕ ವಿಮರ್ಶೆಯ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ಕಾದಂಬರಿಗಳ ಎರಡೆರಡು ಪ್ರತಿ ಬರುತ್ತವೆ. ಒಂದು ವಿಮರ್ಶಕರಿಗೆ ಹೋಗುತ್ತದೆ, ಇನ್ನೊಂದನ್ನು ನಾನು ಓದುತ್ತೇನೆ. ಪುಸ್ತಕ ಓದದೆ ಅದರ ವಿಮರ್ಶೆ ತಿದ್ದಲಿಕ್ಕೆ ಆಗುವುದಿಲ್ಲ.

ಒಮ್ಮೆ ಒಂದು ಪತ್ತೇದಾರಿ ಕಾದಂಬರಿಯ ಬಗ್ಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಬರೆದು ಕಳಿಸಿದರು. ಪಾತ್ರಗಳಲ್ಲಿ ಆಳವಿಲ್ಲ, ಸಾಮಾಜಿಕ ಕಾಳಜಿ ಇಲ್ಲ, ಇಷ್ಟೇ ಸಾರ. ಫೋನ್ ಮಾಡಿದೆ. "ಸರ್, ಕೊಲೆಗಾರ ಯಾರೂಂತ ನಿಮಗೆ ಯಾವ ಪುಟದಲ್ಲಿ ಅಂದಾಜಾಯ್ತು?"

"ಅದೆಲ್ಲ ನಾನು ನೋಡ್ಲಿಲ್ಲ ಮಾರ್ರೆ. ಅದರಲ್ಲಿ ಸಾಹಿತ್ಯ ಎಂತ ಇದೆ ಹೇಳಿ?"

ಆ ಕಾದಂಬರಿಯಲ್ಲಿ ದೊಡ್ಡದೊಂದು ದೋಷ ಇತ್ತು. ಕೊಲೆಗಾರನನ್ನು ಹಿಡಿದುಕೊಟ್ಟ ಪತ್ರ ಓದುಗನ ಕಣ್ಣಿಗೆ ಬೀಳುವುದು ಕೊನೆಯ ಅಧ್ಯಾಯದಲ್ಲಿ; ಪತ್ತೇದಾರನ ಕಿಸೆಯಲ್ಲಿ ಅದು ಮೊದಲಿನಿಂದಲೂ ಇತ್ತಂತೆ. ಪತ್ತೇದಾರಿ ಓದುವವನಿಗೆ ಇದು ಮೋಸ. ಸುಳಿವುಗಳನ್ನೆಲ್ಲ ಎದುರಿಗಿಟ್ಟು, ಆಮೇಲೂ ಅವನನ್ನು ಸೋಲಿಸಬೇಕು. ಅಷ್ಟು ಕಟುವಾಗಿ ಬರೆದ ವಿಮರ್ಶೆಯಲ್ಲಿ ಈ ಮಾತೇ ಇರಲಿಲ್ಲ.

ಎಲ್ಲದರಲ್ಲೂ ಸಾಮಾಜಿಕ ಕಾಳಜಿ ಹುಡುಕುವ ಈ ಅಭ್ಯಾಸ ಎಲ್ಲಿಂದ ಬಂತೆಂದು ನನಗೆ ಅರ್ಥವಾಗುತ್ತದೆ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಇದೇ ಊರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಹೊರಬಂತು. ವಿಧವಾ ವಿವಾಹದ ಪರ ನಿಂತ ಆ ಕೃತಿಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನ್ನುತ್ತಾರೆ. ಆ ಪರಂಪರೆಯ ಬಗ್ಗೆ ನನಗೂ ಅಭಿಮಾನ ಇದೆ. ಆದರೆ ಎಲ್ಲ ಕಾದಂಬರಿಯಲ್ಲೂ ಅದನ್ನೇ ಹುಡುಕಿದರೆ ಉಳಿದವಕ್ಕೆ ನ್ಯಾಯ ಸಿಗುವುದಿಲ್ಲ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರದ ಬಣ್ಣದ ವೇಷ ರಂಗಕ್ಕೆ ಬಂದಾಗ ಸ್ತ್ರೀವೇಷದ ಲಾಲಿತ್ಯ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಅಬ್ಬರ ಸಾಲದಿದ್ದರೆ ಮಾತ್ರ ಬಿಡುವುದೂ ಇಲ್ಲ.

ಈಗ ಪುಸ್ತಕದ ಜೊತೆ ಒಂದು ಚೀಟಿ ಕಳಿಸುತ್ತೇನೆ: ಇದು ಎಂಥ ಕಾದಂಬರಿಯಾಗಲು ಹೊರಟಿದೆ, ಎಲ್ಲಿ ಆಗಿದೆ, ಎಲ್ಲಿ ಆಗಿಲ್ಲ, ಪುಟ ಸಂಖ್ಯೆ ಸಮೇತ ಹೇಳಿ. ಪುಟ ಸಂಖ್ಯೆ ಅಚ್ಚಾಗುವುದಿಲ್ಲ, ಅದು ನನಗೆ. "ಭಾಷೆ ಸೊಗಸಾಗಿದೆ" ಎಂದವರು ಯಾವ ವಾಕ್ಯ ಎಂದು ತೋರಿಸಬೇಕಾಗುತ್ತದೆ.

ಇದರ ಫಲ ನನಗೆ ಚೆನ್ನಾಗಿ ಕಂಡದ್ದು ಒಂದು ಐತಿಹಾಸಿಕ ಕಾದಂಬರಿಯಲ್ಲಿ. ಕಥೆ ಬ್ರಿಟಿಷರ ವಿರುದ್ಧ 1837ರಲ್ಲಿ ನಡೆದ ಅಮರ ಸುಳ್ಯದ ದಂಗೆಯದ್ದು. ಅದರಲ್ಲಿ ಮನೆಗಳ ಮಾಡಿಗೆಲ್ಲ ಮಂಗಳೂರು ಹಂಚು. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ಹಾಕಿದ್ದು 1860ರ ದಶಕದಲ್ಲಿ. ವಿಮರ್ಶಕಿ ಇದನ್ನು ಹಿಡಿದರು. ಅಲ್ಲಿಗೇ ಬಿಡದೆ, ದಂಗೆಕೋರರು ಸುಳ್ಯದಿಂದ ಮಂಗಳೂರಿಗೆ ನಡೆದು ಬರುವ ಭಾಗ ಎಷ್ಟು ಜೀವಂತವಾಗಿದೆ ಎಂದೂ ಬರೆದರು. ಹಂಚಿನ ತಪ್ಪಿಗಾಗಿ ಆ ನಡಿಗೆಯನ್ನು ತಳ್ಳಿಹಾಕಲಿಲ್ಲ, ನಡಿಗೆ ಚಂದ ಇದೆಯೆಂದು ಹಂಚನ್ನು ಮುಚ್ಚಿಡಲೂ ಇಲ್ಲ. ಇಂಥ ವಿಮರ್ಶೆ ಬಂದ ವಾರ ನನಗೆ ಹಬ್ಬ.

ಸಾಮಾಜಿಕ ಕಾದಂಬರಿಗಳಲ್ಲಿ ಜಗಳ ಹೆಚ್ಚಾಗಿ ಸಂಭಾಷಣೆಯ ಮೇಲೆ. ಕುಂದಾಪ್ರ ಕನ್ನಡ, ಹವ್ಯಕ ಕನ್ನಡ, ಅರೆಭಾಷೆ ಬಂದರೆ "ಓದಲು ಕಷ್ಟ" ಎಂದು ಬರೆದು ಮುಗಿಸುತ್ತಾರೆ. ಕೇಳಬೇಕಾದದ್ದು ಬೇರೆ: ಬೈಂದೂರಿನ ಮೀನುಗಾರನೂ ಬ್ಯಾಂಕ್ ಮ್ಯಾನೇಜರನೂ ಒಂದೇ ತರ ಮಾತಾಡುತ್ತಾರೋ? ಹಾಗಿದ್ದರೆ ಲೇಖಕರ ಕಿವಿ ಕೆಲಸ ಮಾಡಿಲ್ಲ.

ಮುನ್ನುಡಿ, ಬೆನ್ನುಡಿ ಬರೆದವರಿಗೂ ಬಿಡುಗಡೆಯ ದಿನ ವೇದಿಕೆಯಲ್ಲಿ ಮಾತಾಡಿದವರಿಗೂ ಆ ಪುಸ್ತಕ ಕೊಡುವುದಿಲ್ಲ. ಉಡುಪಿ, ಮಂಗಳೂರಿನಂಥ ಊರಲ್ಲಿ ಇದು ಕಷ್ಟದ ನಿಯಮ; ಬರೆಯುವವರೆಲ್ಲ ಒಬ್ಬರಿಗೊಬ್ಬರು ಪರಿಚಿತರೇ. ಬೇಸರ ಮಾಡಿಕೊಂಡವರಿದ್ದಾರೆ. ಆದರೂ ಸಡಿಲಿಸಿಲ್ಲ, ಏಕೆಂದರೆ ದುಡ್ಡು ಕೊಟ್ಟು ಪುಸ್ತಕ ಕೊಳ್ಳುವ ಓದುಗನಿಗೆ ಆ ಪರಿಚಯದಿಂದ ಏನೂ ಸಿಗುವುದಿಲ್ಲ.

ಸದ್ಯ ನನ್ನ ಮೇಜಿನಲ್ಲಿ ಬಾಕಿ ಉಳಿದಿರುವುದು ವೈಜ್ಞಾನಿಕ ಮತ್ತು ಭಯಾನಕ ಕಾದಂಬರಿಗಳು. ಅವನ್ನು ಪ್ರೀತಿಯಿಂದ ಓದಿ, ನಿಷ್ಠುರವಾಗಿ ಬರೆಯುವವರು ಕರಾವಳಿಯಲ್ಲಿ ಇದ್ದೇ ಇರುತ್ತಾರೆ. ಕಾಲೇಜು ಹುಡುಗ ಹುಡುಗಿಯರಾದರೂ ಆಗಬಹುದು, ಹಿಂದೆ ಏನೂ ಬರೆಯದವರಾದರೂ ಸರಿ. ಪುಸ್ತಕವನ್ನೂ ಚೀಟಿಯನ್ನೂ ನಾನು ಕಳಿಸುತ್ತೇನೆ.